ಪದ ಪರಿಚಯ: ಸ್ಥಳ ಶುದ್ಧೀಕರಣ

ಸ್ಮಾರಕದ ಮಗ್ಗುಲಲ್ಲಿ ಬಾಳಿಕೊಂಡಿದ್ದ ಜನರನ್ನು ಪರಂಪರೆ ಉಳಿಸುವ ಹೆಸರಿನಲ್ಲಿ ಎಬ್ಬಿಸಿ, ಜಾಗವನ್ನು ನೋಡಲು ಬರುವವರಿಗಷ್ಟೇ ಬಿಟ್ಟುಕೊಡುವುದಕ್ಕೆ ಮಾನವಶಾಸ್ತ್ರಜ್ಞ ಮೈಕಲ್ ಹರ್ಜ್‌ಫೆಲ್ಡ್ ಇಟ್ಟ ಹೆಸರು ‘ಸ್ಪೇಷಿಯಲ್ ಕ್ಲೆನ್ಸಿಂಗ್’. ಕನ್ನಡದಲ್ಲಿ ಸ್ಥಳ ಶುದ್ಧೀಕರಣ ಎನ್ನೋಣ. ‘ಜನಾಂಗೀಯ ಶುದ್ಧೀಕರಣ’ದ ನೆರಳು ಈ ಪದದ ಮೇಲೆ ಬೇಕೆಂದೇ ಬಿದ್ದಿದೆ. ಎರಡರ ಕ್ರೌರ್ಯ ಸಮನಲ್ಲ, ಆದರೂ ಒಂದಿಡೀ ಗುಂಪು ನೆಲೆ ಕಳೆದುಕೊಳ್ಳುತ್ತದೆ.

ಮೊದಲ ಹೆಜ್ಜೆ ಕಾಗದದ ಮೇಲೆ. ಯಾವುದೋ ಒಂದು ಕಾಲವನ್ನು ‘ಅಸಲಿ’ ಎಂದು ಆರಿಸುತ್ತಾರೆ. ಆಮೇಲೆ ಬಂದದ್ದೆಲ್ಲ ಒತ್ತುವರಿ ಎನಿಸಿಕೊಳ್ಳುತ್ತದೆ. ನಂತರ ನಕ್ಷೆಯ ಗಡಿ, ನೋಟಿಸು, ಜೆಸಿಬಿ, ಕೊನೆಗೆ ಹುಲ್ಲುಹಾಸು. ಭಾರತದಲ್ಲಿ ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಇದು ಹೊಸ ಕಟ್ಟಡಕ್ಕೆ ತಡೆ. ಹಿಂದಿನಿಂದ ಇರುವವರನ್ನು ತಾನಾಗಿ ಎಬ್ಬಿಸುವ ನಿಯಮವಲ್ಲ. ಈ ವ್ಯತ್ಯಾಸವನ್ನು ಪತ್ರಿಕಾ ವರದಿಗಳೂ ಮರೆಯುವುದುಂಟು.

ಹರ್ಜ್‌ಫೆಲ್ಡ್ ವರ್ಷಗಟ್ಟಲೆ ಒಡನಾಡಿದ್ದು ಬ್ಯಾಂಕಾಕಿನ ಪೋಮ್ ಮಹಾಕಾನ್ ಕೋಟೆಯ ಪಕ್ಕದ ಕೇರಿಯಲ್ಲಿ. ಸುಮಾರು 300 ಜನ. ನಗರಾಡಳಿತಕ್ಕೆ ಅಲ್ಲಿ ಉದ್ಯಾನ ಬೇಕಿತ್ತು. ಕೇರಿಯವರು ಹಳೆಯ ಮರದ ಮನೆಗಳನ್ನು ಜತನ ಮಾಡಿದರು, ತಾವೇ ಕಾವಲು ನಿಂತರು, ಪರಂಪರೆ ಎಂದರೆ ನಾವೂ ಸೇರಿ ಎಂದು ಕಾಲು ಶತಮಾನ ವಾದಿಸಿದರು. 2018ರಲ್ಲಿ ಉಳಿದ ಮನೆಗಳೂ ಹೋದವು.

ನಮ್ಮ ಹಂಪಿಯನ್ನು ಪೋಲೆಂಡಿನ ಮಾನವಶಾಸ್ತ್ರಜ್ಞೆ ನತಾಲಿಯಾ ಬ್ಲೋಖ್ ಇದೇ ಪದ ಹಿಡಿದು ಓದಿದ್ದಾರೆ. 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಅಂಗಡಿ, ಮನೆಗಳನ್ನು ಕೆಡವಲಾಯಿತು. ಸಾಲುಮಂಟಪದ ಕಂಬದಿಂದ ಕಂಬಕ್ಕೆ ಗೋಡೆ ಕಟ್ಟಿಕೊಂಡು ಜನ ಇದ್ದದ್ದು ನಿಜ. ಅದರಿಂದ ಕಲ್ಲಿಗೆ ಪೆಟ್ಟು ಬೀಳುವುದೂ ನಿಜ. ಅಂಥ ಒಂದು ಗೋಡೆಯನ್ನು ಬಿಚ್ಚಿದ ಮಾತ್ರಕ್ಕೆ ಈ ಪದ ಬಳಸುವುದು ತಪ್ಪು. ಯಾವ ಗೋಡೆ ಯಾವ ಕಂಬಕ್ಕೆ ಭಾರ ಎಂದು ನೋಡದೆ ಬೀದಿಗೆ ಬೀದಿಯನ್ನೇ ಖಾಲಿ ಮಾಡಿಸಿದರೆ ಪದ ಸರಿಯಾಗಿ ಒಪ್ಪುತ್ತದೆ.

ಪರಿಹಾರದ ಲೆಕ್ಕ ತಪ್ಪುವುದೂ ಇಲ್ಲೇ. ಅಳೆಯುವುದು ನಿವೇಶನದ ಚದರಡಿಯನ್ನು. ಹೂವು, ಕಾಯಿ, ತಿಂಡಿ ಮಾರುವವರಿಗೆ ಗಿರಾಕಿ ಸಿಗುವುದು ಗುಡಿಯ ಮುಂದೆ. ಎಬ್ಬಿಸಿದವರಿಗೆ ನಿವೇಶನ ತೋರಿಸಿದ ಕಡ್ಡಿರಾಂಪುರದಲ್ಲಿ ಸೂರು ಕಟ್ಟಿಕೊಂಡರೂ ಆ ವ್ಯಾಪಾರ ಅವರ ಹಿಂದೆ ಬರುವುದಿಲ್ಲ.