ಲಗ್ಗರ್ ಕಂಡಿತು ಎಂದವರಿಗೆ ನನ್ನ ಮೊದಲ ಪ್ರಶ್ನೆ

ಜನವರಿಯ ಮೂರನೆಯ ವಾರ ಗಂಗಾವತಿ ತಾಲ್ಲೂಕಿನ ಯುವಕನೊಬ್ಬ ನನಗೆ ಎರಡು ಚಿತ್ರ ಕಳಿಸಿದ. ಒಂದರಲ್ಲಿ ಬಂಡೆಯ ಅಂಚಿಗೆ ಕುಳಿತ ಕಂದು ಬೆನ್ನಿನ ಹಕ್ಕಿ, ಇನ್ನೊಂದರಲ್ಲಿ ಅದೇ ಹಕ್ಕಿ ರೆಕ್ಕೆ ಬಿಚ್ಚಿ ಹೊರಟಿತ್ತು. ಕೆಳಗೆ, ‘ಸರ್, ಇದು ಲಗ್ಗರ್ ಅಲ್ಲವೇ? ಎಲ್ಲರಿಗೂ ಕಳಿಸಲೇ?’ ಎಂಬ ಸಾಲು. ಲಗ್ಗರ್ ಚಾಣವೇ ಹೌದು; ಚಾಣ ಎಂದರೆ ಫಾಲ್ಕನ್ ಗುಂಪಿನ ಬೇಟೆಹಕ್ಕಿ. ಆ ಬಯಲಿನಲ್ಲಿ ವರ್ಷವಿಡೀ ಓಡಾಡುವ ನನ್ನ ಕಣ್ಣಿಗೂ ಅಪರೂಪಕ್ಕೆ ಬೀಳುವ ಹಕ್ಕಿ. ಭೇಷ್ ಎನ್ನುವ ಮೊದಲೇ ನಾನು ಕೇಳಿದೆ: ‘ನೀನು ನೋಡಿದಾಗ ಅದು ಏನು ಮಾಡುತ್ತಿತ್ತು?’

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಬೇಟೆಹಕ್ಕಿಗಳ ಸಮೀಕ್ಷೆ ನನ್ನ ವೃತ್ತಿ. ಚಳಿಗಾಲ ಬಂತೆಂದರೆ ಇಂಥ ಚಿತ್ರಗಳು ದಿನವೂ ಬರುತ್ತವೆ. ಹತ್ತು ವರ್ಷಗಳ ಹಿಂದೆ ಈ ಭಾಗದಲ್ಲಿ ದುರ್ಬೀನು ಹಿಡಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಇಂದು ಸಿಂಧನೂರಿನ ಗದ್ದೆ ಬದುವಿನಲ್ಲೂ ಸಂಡೂರಿನ ಗುಡ್ಡದ ಬುಡದಲ್ಲೂ ಒಬ್ಬರಾದರೂ ಸಿಗುತ್ತಾರೆ. ಇದು ನನಗೆ ತುಂಬಾ ಸಂತೋಷದ ಸಂಗತಿ. ಆದ್ದರಿಂದಲೇ ಆ ಪ್ರಶ್ನೆಯ ಹಿಂದಿನ ಕಾರಣವನ್ನು ಬಿಡಿಸಿ ಹೇಳಬೇಕಾಗಿದೆ.

ಮೊದಲು ಗುರುತಿನ ಮಾತು. ‘ನೆತ್ತಿ ಕೆಂಪಗಿದೆ, ಲಗ್ಗರ್’ ಎಂದು ಬರುವ ಚಿತ್ರಗಳಲ್ಲಿ ಹಲವು ಕೆಂಪುಕತ್ತಿನ ಚಾಣಗಳಾಗಿರುತ್ತವೆ. ಅದು ಪಾರಿವಾಳದಷ್ಟೇ ಗಾತ್ರದ ಹಕ್ಕಿ, ಹೊಟ್ಟೆಯ ಮೇಲೆ ಸಣ್ಣ ಅಡ್ಡಗೆರೆಗಳಿರುತ್ತವೆ. ಲಗ್ಗರ್ ಕಾಗೆಯಷ್ಟು ದೊಡ್ಡದು. ಬೆಳೆದ ಹಕ್ಕಿಗೆ ಬೆನ್ನು ಕಂದು, ನೆತ್ತಿ ಮಾಸಲು ಕೆಂಪು, ಕಣ್ಣಿನಿಂದ ಕೆಳಗಿಳಿಯುವ ಮೀಸೆಗೆರೆ ಸಪೂರ, ಎದೆ ಬಹುಪಾಲು ಬಿಳಿ. ತೊಡೆಯ ಗರಿಗಳು ಮಾತ್ರ ಗಾಢ ಬಣ್ಣದ ಚಡ್ಡಿ ತೊಟ್ಟಂತೆ ಕಾಣುತ್ತವೆ. ಚಳಿಗಾಲದಲ್ಲಿ ತುಂಗಭದ್ರಾ ಜಲಾಶಯದ ಬಾತುಗಳ ಬೆನ್ನು ಹತ್ತಿ ಬರುವ ಪೆರೆಗ್ರಿನ್ ಚಾಣದ ಮೀಸೆ ಕೆನ್ನೆ ತುಂಬುವಷ್ಟು ದಪ್ಪ. ಎಳೆಯ ಲಗ್ಗರ್‌ನ ಹೊಟ್ಟೆಯೆಲ್ಲ ಕಂದು, ಅನುಭವಿಗಳೂ ಅದರ ಮುಂದೆ ತಡವರಿಸುತ್ತಾರೆ. ಆದ್ದರಿಂದ ಕಂಡದ್ದನ್ನು ಕಂಡಲ್ಲೇ, ಪುಸ್ತಕ ತೆರೆಯುವ ಮೊದಲೇ ಬರೆದಿಡಿ. ಪುಸ್ತಕದ ಚಿತ್ರ ನೋಡಿದ ಮೇಲೆ ಕಣ್ಣು ತಾನು ಕಾಣದ್ದನ್ನೂ ಕಂಡೆ ಎನ್ನುತ್ತದೆ. ಮಸುಕಾದ ಚಿತ್ರವನ್ನೂ ಅಳಿಸಬೇಡಿ. ತೊಡೆಯ ಕಪ್ಪು ಒಂದು ಚುಕ್ಕೆಯಷ್ಟು ಮೂಡಿದ್ದರೂ ದಾಖಲೆಗೆ ಅದು ಸಾಕಾಗಬಹುದು.

ಇನ್ನು ‘ಎಲ್ಲಿ’ ಎಂಬುದನ್ನು ಯಾರಿಗೆ, ಎಷ್ಟು ಹೇಳಬೇಕು? ಇದು ಹಕ್ಕಿ ಎಷ್ಟು ಅಪರೂಪ ಎಂಬುದರ ಮೇಲೆ ನಿಂತ ವಿಷಯವೆಂದು ಬಹಳ ಜನ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಅದನ್ನು ನಿರ್ಧರಿಸುವುದು ಆ ಹೊತ್ತಿನಲ್ಲಿ ಹಕ್ಕಿ ಮಾಡುತ್ತಿದ್ದ ಕೆಲಸ.

ನವೆಂಬರಿನಲ್ಲಿ ಅಮುರ್ ಚಾಣವೊಂದು ರಾಯಚೂರಿನ ವಿದ್ಯುತ್ ತಂತಿಯ ಮೇಲೆ ಕುಳಿತಿತ್ತು ಎನ್ನಿ. ಅದು ಪೂರ್ವ ಏಷ್ಯಾದಿಂದ ದಕ್ಷಿಣ ಆಫ್ರಿಕಾದ ಕಡೆಗೆ ಹೊರಟ ಹಕ್ಕಿ, ನಾಳೆ ಇಲ್ಲಿ ಇರುವುದಿಲ್ಲ. ಕೂಡಲೇ ಎಲ್ಲರಿಗೂ ತಿಳಿಸಿ, ನೋಡುವವರು ನೋಡಲಿ. ಜಲಾಶಯದ ಹಿನ್ನೀರಿನ ಒಣಮರದಲ್ಲಿ ಕೂತು ಮೀನು ಹಿಡಿಯುವ ಆಸ್ಪ್ರೇಗೂ ಇದೇ ಮಾತು. ಅದಕ್ಕೂ ದಡದಲ್ಲಿ ನಿಂತವರಿಗೂ ನಡುವೆ ಬೇಕಾದಷ್ಟು ನೀರಿದೆ.

ಸೆಳೆವ (ಹ್ಯಾರಿಯರ್) ಎಂಬ ಬೇಟೆಹಕ್ಕಿಗಳ ವಿಷಯದಲ್ಲಿ ಹಗಲಿಗೊಂದು ಲೆಕ್ಕ, ರಾತ್ರಿಗೊಂದು ಲೆಕ್ಕ. ಕಝಾಕ್‌ಸ್ತಾನದ ಹುಲ್ಲುಗಾವಲುಗಳ ಕಡೆಯಿಂದ ಬರುವ ಬಿಳಿ ಸೆಳೆವ, ಮೊಂಟಗು ಸೆಳೆವಗಳು ಹಗಲೆಲ್ಲ ಸಿರುಗುಪ್ಪದ ಎರೆಹೊಲಗಳ ಮೇಲೆ ತಗ್ಗಿ ಹಾರುತ್ತಾ ಮಿಡತೆ, ನೆಲಗುಬ್ಬಿ ಹುಡುಕುತ್ತವೆ. ಆ ಹೊಲದ ಹೆಸರು ಹೇಳಿದರೆ ಯಾವ ನಷ್ಟವೂ ಇಲ್ಲ. ಸಂಜೆ ಅವು ಒಣಹುಲ್ಲಿನ ಒಂದೇ ತುಣುಕಿನಲ್ಲಿ, ನೆಲದ ಮೇಲೆ, ಒಟ್ಟಾಗಿ ಮಲಗುತ್ತವೆ. ಆ ತುಣುಕಿನ ಜಾಗ ಹೇಳಿದಿರೋ, ಮರುದಿನ ಸಂಜೆ ಅಲ್ಲಿ ಜೀಪಿನ ದೀಪ ಇರುತ್ತದೆ. ಕತ್ತಲಲ್ಲಿ ಎದ್ದ ಹಕ್ಕಿ ಮತ್ತೆ ಸುರಕ್ಷಿತ ನೆಲ ಹುಡುಕುವಷ್ಟರಲ್ಲಿ ನರಿಗೋ ಬೀದಿನಾಯಿಗೋ ಸಿಕ್ಕಬಹುದು.

ಲಗ್ಗರ್‌ನ ಕಥೆ ಇದಕ್ಕಿಂತ ಸೂಕ್ಷ್ಮ. ಅದು ವಲಸಿಗನಲ್ಲ, ಭಾರತ ಉಪಖಂಡದ ನಿವಾಸಿ. ಅಂತರರಾಷ್ಟ್ರೀಯ ಕೆಂಪುಪಟ್ಟಿ ಅದನ್ನು ಅಪಾಯದ ಅಂಚಿಗೆ ಬಂದ ಪ್ರಭೇದವೆಂದು ಗುರುತಿಸಿದೆ. ಪಾಕಿಸ್ತಾನದಲ್ಲಿ ದೊಡ್ಡ ಚಾಣಗಳನ್ನು ಬಲೆಗೆ ಕೆಡವಲು ಇದನ್ನು ಹಿಡಿದು ಸೆಳೆಹಕ್ಕಿಯಾಗಿ ಬಳಸುವುದು ಅದರ ಇಳಿಕೆಗೆ ಒಂದು ಕಾರಣ, ಹೊಲಗಳ ಕೀಟನಾಶಕ ಇನ್ನೊಂದು. ತಾನಾಗಿ ಗೂಡು ಕಟ್ಟುವ ಅಭ್ಯಾಸ ಅದಕ್ಕಿಲ್ಲ. ಕಾಗೆಯೋ ಹದ್ದೋ ಬಿಟ್ಟ ಹಳೆಯ ಗೂಡು ಅಥವಾ ಕಡಿದಾದ ಬಂಡೆಯ ಚಾಚು ಅದರ ಬಾಣಂತಿಕೋಣೆ. ಕಾಲ, ಜನವರಿಯಿಂದ ಬೇಸಿಗೆಯ ತನಕ. ನಮ್ಮ ಬಂಡೆಗಳು ಮಾರ್ಚಿನಲ್ಲಿ ಹೇಗೆ ಕಾಯುತ್ತವೆ ಎಂಬುದನ್ನು ಬರಿಗಾಲಲ್ಲಿ ಅಂಜನಾದ್ರಿ ಹತ್ತಿದವರಿಗೆ ಹೇಳಬೇಕಾಗಿಲ್ಲ. ಆ ಬಿಸಿಲಿನಲ್ಲಿ ತಾಯಿಹಕ್ಕಿ ಕೂರುವುದು ಮೊಟ್ಟೆಗೆ ಕಾವು ಕೊಡುವುದಕ್ಕಷ್ಟೇ ಅಲ್ಲ, ನೆರಳು ಕೊಡುವುದಕ್ಕೂ ಹೌದು. ಕ್ಯಾಮೆರಾ ಹಿಡಿದ ನಾಲ್ವರು ಬಂಡೆಯ ಬುಡದಲ್ಲಿ ಒಂದು ಗಂಟೆ ಕಾದರೆ ತಾಯಿ ಆ ಒಂದು ಗಂಟೆಯೂ ಆಕಾಶದಲ್ಲೇ ಸುತ್ತುತ್ತದೆ. ಮೊಟ್ಟೆ ಅಲ್ಲೇ ಬೆಂದುಹೋಗುತ್ತದೆ. ಯಾರೂ ಗೂಡು ಮುಟ್ಟಿರುವುದಿಲ್ಲ, ಕಲ್ಲು ಎಸೆದಿರುವುದಿಲ್ಲ, ಎಲ್ಲರೂ ಹಕ್ಕಿಪ್ರೇಮಿಗಳೇ! ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂಬ ಪದಕ್ಕೆ ಕೊಟ್ಟ ವ್ಯಾಖ್ಯಾನದೊಳಗೇ ಹಕ್ಕಿಯ ಗೂಡಿಗೆ, ಮೊಟ್ಟೆಗೆ ತೊಂದರೆ ಕೊಡುವುದೂ ಸೇರಿದೆ.

ಹಾಗಾದರೆ ಬಾಯಿ ಮುಚ್ಚಿಕೊಂಡು ಇರುವುದೇ ಸರಿಯೇ? ಅಲ್ಲ. ಇದನ್ನು ನನ್ನದೇ ತಪ್ಪಿನಿಂದ ಕಲಿತಿದ್ದೇನೆ. ಕೊಪ್ಪಳ ಜಿಲ್ಲೆಯ ಒಂದು ಒಂಟಿ ಗುಡ್ಡದಲ್ಲಿ ಕೊಂಬಿನ ಗೂಬೆಯ ಜೋಡಿ ಸತತ ಮೂರು ವರ್ಷ ಮರಿ ಮಾಡಿದ್ದನ್ನು ನೋಡಿದ್ದೆ. ದೀಪಾವಳಿ ಅಮಾವಾಸ್ಯೆ ಹತ್ತಿರ ಬಂದಂತೆ ವಾಮಾಚಾರಕ್ಕಾಗಿ ಗೂಬೆ ಹಿಡಿಯುವವರು ಓಡಾಡುತ್ತಾರೆ ಎಂಬ ಭಯದಿಂದ ಒಬ್ಬರಿಗೂ ಹೇಳಲಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ ಇತ್ತು. ನಾಲ್ಕನೆಯ ವರ್ಷ ಹೋದಾಗ ಗುಡ್ಡದ ಅರ್ಧ ಭಾಗವನ್ನು ಕಲ್ಲು ಕ್ವಾರಿ ತಿಂದಿತ್ತು. ಅನುಮತಿಯ ಕಡತದಲ್ಲಿ ಆ ಜಾಗವನ್ನು ವನ್ಯಜೀವಿಗಳಿಲ್ಲದ ಬರಡು ಗುಡ್ಡವೆಂದು ಬರೆದಿದ್ದರು. ಅದನ್ನು ಸುಳ್ಳೆನ್ನಲು ಕಾಗದದ ಮೇಲೆ ಒಂದು ಸಾಲಾದರೂ ಇರಬೇಕಿತ್ತು. ಬರೆಯಬೇಕಾಗಿದ್ದವನು ನಾನು. ಗಾಳಿಯಂತ್ರಗಳೂ ಸೌರಫಲಕಗಳೂ ಕ್ವಾರಿಗಳೂ ಬಯಲಿಗೆ ಬರುತ್ತಿರುವ ಈ ಕಾಲದಲ್ಲಿ ದಾಖಲೆಯಿಲ್ಲದ ಹಕ್ಕಿ ಸರ್ಕಾರದ ಕಣ್ಣಿಗೆ ಇಲ್ಲದ ಹಕ್ಕಿ.

ಅಂದಿನಿಂದ ನನ್ನ ಪದ್ಧತಿ ಬದಲಾಯಿತು. ಗೂಡೋ ಮಲಗುವ ತಾಣವೋ ಆದರೆ ದಿನಾಂಕ, ಸಮಯ, ಜಿಪಿಎಸ್ ಅಂಕಿ, ಚಿತ್ರಗಳ ಸಮೇತ ವಲಯ ಅರಣ್ಯಾಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯುತ್ತೇನೆ. ಹಕ್ಕಿ ನೋಡುವವರು ತಾವು ಕಂಡದ್ದನ್ನು ಪಟ್ಟಿಮಾಡುವ ಜಾಲತಾಣವಾದ ಇಬರ್ಡ್‌ನಲ್ಲೂ ಅಂದೇ ದಾಖಲಿಸುತ್ತೇನೆ, ಆದರೆ ಆ ಪಟ್ಟಿಯನ್ನು ಸಾರ್ವಜನಿಕರಿಗೆ ಕಾಣದಂತೆ ಮರೆಮಾಡಿ. ಆ ಸೌಲಭ್ಯ ಅಲ್ಲಿ ಇದೆ, ಮರಿಗಳು ಹಾರಿದ ಮೇಲೆ ತೆರೆದರಾಯಿತು. ಎರೆಭೂತದಂಥ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಕೆಲವು ಹಕ್ಕಿಗಳ ನಿಖರ ಜಾಗವನ್ನು ಇಬರ್ಡ್ ತಾನಾಗಿಯೇ ಮುಚ್ಚಿಡುತ್ತದೆ. ಉಳಿದವುಗಳ ಹೊಣೆ ನೋಡಿದವರದು. ಸ್ನೇಹಿತರ ಗುಂಪಿಗೆ ಚಿತ್ರ ಕಳಿಸುವುದಾದರೆ ಜಿಲ್ಲೆಯ ಹೆಸರು ಸಾಕು. ಚಿತ್ರದ ಹಿನ್ನೆಲೆಯನ್ನೂ ಕತ್ತರಿಸಿ, ಏಕೆಂದರೆ ಆನೆಗೊಂದಿ ಕಡೆಯವರು ಬಂಡೆಗಳ ಸಾಲನ್ನು ನೋಡಿಯೇ ಇದು ಯಾವ ಗುಡ್ಡ, ಯಾವ ದಿಕ್ಕಿನಿಂದ ತೆಗೆದದ್ದು ಎಂದು ಹೇಳಿಬಿಡುತ್ತಾರೆ. ಮೊಬೈಲಿನ ಮೂಲ ಚಿತ್ರದೊಳಗೆ ಜಾಗದ ಅಂಕಿ ಅಡಗಿರುತ್ತದೆ ಎಂಬುದೂ ನೆನಪಿರಲಿ. ಇನ್ನೊಬ್ಬರಿಗೆ ಮಾತ್ರ ತಪ್ಪದೆ ಹೇಳಿ: ಆ ಗುಡ್ಡದ ಬುಡದಲ್ಲಿ ಕುರಿ ಮೇಯಿಸುವವರಿಗೆ. ಅಪರಿಚಿತ ಗಾಡಿ ಬಂದು ನಿಂತದ್ದು ಅವರಿಗೆ ತಿಳಿದಷ್ಟು ಬೇಗ ಬೇರೆ ಯಾರಿಗೂ ತಿಳಿಯುವುದಿಲ್ಲ.

ಗಂಗಾವತಿಯ ಆ ಯುವಕ ನನ್ನ ಪ್ರಶ್ನೆಗೆ ಉತ್ತರ ಕೊಡಲು ಎರಡು ದಿನ ತೆಗೆದುಕೊಂಡ. ಮತ್ತೆ ಹೋಗಿ, ಅರ್ಧ ಕಿಲೋಮೀಟರ್ ದೂರದ ಜಾಲಿಯ ನೆರಳಲ್ಲಿ ಕುಳಿತು ಬೆಳಗಿನಿಂದ ಹನ್ನೊಂದರ ತನಕ ನೋಡಿದ್ದ. ಅವನು ಬರೆದದ್ದು ಇಷ್ಟು: ‘7.40ಕ್ಕೆ ಚಿಕ್ಕ ಹಕ್ಕಿ, ಅಂದರೆ ಗಂಡು, ಬೆಳವವೊಂದನ್ನು ಹಿಡಿದು ತಂದಿತು. ದೊಡ್ಡದು, ಅಂದರೆ ಹೆಣ್ಣು, ಚಾಚಿನಿಂದ ಎದ್ದು ಬಂದು ಗಾಳಿಯಲ್ಲೇ ಅದನ್ನು ಇಸಿದುಕೊಂಡಿತು. ಚಿಕ್ಕದು ಹೋಗಿ ಚಾಚಿನಲ್ಲಿ ಕುಳಿತಿತು, ಮತ್ತೆ ಏಳಲಿಲ್ಲ. ಚಿತ್ರ ತೆಗೆದಿಲ್ಲ. ಅರಣ್ಯ ಕಚೇರಿಗೆ ಅರ್ಜಿ ಹೇಗೆ ಬರೆಯಬೇಕು ತಿಳಿಸಿ.’