ಜಾಕ್ ಸ್ಟ್ಯಾಂಡ್: ಎತ್ತುವುದು ಜಾಕ್, ಹೊರುವುದು ಸ್ಟ್ಯಾಂಡ್

ಜಾಕ್‌ನಿಂದ ಎತ್ತಿದ ವಾಹನದ ಭಾರವನ್ನು ದುರಸ್ತಿ ಮುಗಿಯುವವರೆಗೆ ಹೊತ್ತು ನಿಲ್ಲುವ ಉಕ್ಕಿನ ಆಸರೆಗೆ ಜಾಕ್ ಸ್ಟ್ಯಾಂಡ್ ಎಂದು ಹೆಸರು. ಮೂರು ಅಥವಾ ನಾಲ್ಕು ಕಾಲುಗಳ ಅಗಲವಾದ ಬುಡ, ಅದರ ನಡುವಿನಿಂದ ಮೇಲೇಳುವ ಕಂಬ, ಕಂಬದ ತಲೆಯಲ್ಲಿ ವಾಹನದ ಅಡಿಭಾಗ ಕೂರುವಂತೆ ನಡುವೆ ತಗ್ಗಾಗಿರುವ ಒಂದು ಪೀಠ: ಇಷ್ಟೇ ಅದರ ರಚನೆ. ಕಂಬವನ್ನು ಬೇಕಾದ ಎತ್ತರದಲ್ಲಿ ನಿಲ್ಲಿಸಲು ಕೆಲವುಗಳಲ್ಲಿ ಅಡ್ಡ ಪಿನ್ ಇರುತ್ತದೆ, ಇನ್ನು ಕೆಲವುಗಳಲ್ಲಿ ಕಂಬಕ್ಕೆ ಹಲ್ಲುಗಳಿದ್ದು ಒಂದು ಕೊಕ್ಕೆ ಅವನ್ನು ಕಚ್ಚಿ ಹಿಡಿಯುತ್ತದೆ. ಅದರಲ್ಲಿ ಎಣ್ಣೆಯಿಲ್ಲ, ಕವಾಟವಿಲ್ಲ. ತಾನಾಗಿ ಏನನ್ನೂ ಎತ್ತಲಾರದು, ಇಟ್ಟದ್ದನ್ನು ಹೊರಬಲ್ಲದು.

ಹೆಸರೇ ಸ್ವಲ್ಪ ಮೋಸಗಾರ. ಸ್ಟ್ಯಾಂಡ್ ಎಂದರೆ ನಮಗೆ ಮೊದಲು ನೆನಪಾಗುವುದು ಬಸ್ ಸ್ಟ್ಯಾಂಡ್, ಇಲ್ಲವೇ ಬೈಕಿನ ಸೈಡ್ ಸ್ಟ್ಯಾಂಡ್. ಮುಂದೆ ಜಾಕ್ ಎಂಬ ಪದ ಸೇರಿದಾಗ, ಇದು ಜಾಕ್‌ನ ಇನ್ನೊಂದು ಬಗೆಯಿರಬೇಕು, ಜಾಕ್ ಇದ್ದವರಿಗೆ ಇದೇಕೆ ಎಂದು ಅನೇಕರು ಭಾವಿಸುತ್ತಾರೆ. ನಮ್ಮ ಮಾತಿನಲ್ಲಿಯೂ ‘ಜಾಕ್ ಹಾಕು’ ಎಂಬ ಒಂದೇ ಮಾತು ಕಾರನ್ನು ಎತ್ತುವುದಕ್ಕೂ, ಎತ್ತಿದಲ್ಲಿಯೇ ಬಿಟ್ಟು ಕೆಲಸ ಮಾಡುವುದಕ್ಕೂ ಸಲ್ಲುತ್ತದೆ. ನನ್ನ ದೃಷ್ಟಿಯಲ್ಲಿ ಮನೆಯಂಗಳದ ಅಪಾಯ ಹುಟ್ಟುವುದು ಈ ಎರಡು ಕೆಲಸಗಳನ್ನು ಒಂದೇ ಎಂದು ಎಣಿಸುವುದರಿಂದ. ಮಲೆನಾಡಿನ ತೋಟದವರಿಗೆ ಇವೆರಡರ ವ್ಯತ್ಯಾಸವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಗೊನೆಯ ಭಾರಕ್ಕೆ ಬಾಗಿದ ಬಾಳೆಯನ್ನು ಒಬ್ಬರು ಕೈಯಿಂದ ಎತ್ತಿ ಹಿಡಿಯುತ್ತಾರೆ, ಮತ್ತೊಬ್ಬರು ಕವೆಯಿರುವ ಊರೆಗೋಲನ್ನು ತಂದು ಆನಿಸುತ್ತಾರೆ. ಆ ಕೈ ಜಾಕ್, ಆ ಕೋಲು ಸ್ಟ್ಯಾಂಡ್. ಗೊನೆ ಬಲಿಯುವವರೆಗೆ ಕೈಯಲ್ಲೇ ಹಿಡಿದು ನಿಲ್ಲುತ್ತೇನೆಂದು ಯಾರೂ ಹೊರಡುವುದಿಲ್ಲ.

ಇಂಗ್ಲಿಷಿನಲ್ಲಿ ಜಾಕ್ ಎಂಬುದು ಮೂಲತಃ ಮನುಷ್ಯನ ಹೆಸರು. ಸಾಮಾನ್ಯ ಆಳುಮಗನನ್ನು ಕರೆಯಲು ಬಳಕೆಯಲ್ಲಿದ್ದ ಆ ಹೆಸರು, ಆಳಿನ ಕೆಲಸವನ್ನು ಮಾಡುವ ಸಲಕರಣೆಗಳಿಗೂ ಅಂಟಿಕೊಂಡಿತು. ಗ್ಯಾರೇಜುಗಳಲ್ಲಿ ಅದು ‘ಜಾಕಿ’ಯೂ ಆಗಿದೆ. ಮನೆಬಳಕೆಗೆ ಬರುವ ಜಾಕ್‌ಗಳಲ್ಲಿ ಮುಖ್ಯವಾದವು ಮೂರು. ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿಯ ಜೊತೆ ಬರುವುದು ಕತ್ತರಿಯಂತೆ ಮಡಚುವ ತಿರುಪಿನ ಜಾಕ್. ಅದರ ತಿರುಪು ಭಾರಕ್ಕೆ ತಾನಾಗಿ ಹಿಂದಕ್ಕೆ ತಿರುಗುವುದಿಲ್ಲವಾದರೂ ಬುಡ ಕಿರಿದಾಗಿರುವುದರಿಂದ ಪಕ್ಕಕ್ಕೆ ಒರಗಿಬಿಡುವ ಸ್ವಭಾವ ಅದಕ್ಕಿದೆ. ದಾರಿಯಲ್ಲಿ ಚಕ್ರ ಬದಲಿಸುವುದಕ್ಕೆ ಮಾತ್ರ ಅದನ್ನು ಕೊಟ್ಟಿರುತ್ತಾರೆ. ಉಳಿದೆರಡು, ಬಾಟಲ್ ಜಾಕ್ ಮತ್ತು ಗಾಲಿಗಳಿರುವ ಟ್ರಾಲಿ ಜಾಕ್, ಎಣ್ಣೆಯ ಒತ್ತಡದಿಂದ ಕೆಲಸ ಮಾಡುತ್ತವೆ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುತ್ತದೆ ಎಂಬ, 17ನೆಯ ಶತಮಾನದಲ್ಲಿ ಬ್ಲೇಸ್ ಪಾಸ್ಕಲ್ ವಿವರಿಸಿದ ತತ್ತ್ವವೇ ಇವುಗಳ ಜೀವ. ಅದನ್ನು ಯಂತ್ರವಾಗಿಸಿ ಜೋಸೆಫ್ ಬ್ರಾಮಾ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದು 1795ರಲ್ಲಿ. ಸಣ್ಣ ಕೊಳವೆಯ ಇಪ್ಪತ್ತರಷ್ಟು ವಿಸ್ತಾರದ ದೊಡ್ಡ ಕೊಳವೆಯಿದ್ದರೆ, ಸಣ್ಣದರ ಮೇಲೆ ಹಾಕಿದ ಬಲ ದೊಡ್ಡದರಲ್ಲಿ ಇಪ್ಪತ್ತು ಪಟ್ಟಾಗುತ್ತದೆ. ಹೀಗೆ ಒಂದು ಕೈಯಲ್ಲಿ ಕಾರನ್ನು ಎತ್ತಬಹುದು, ನಿಜ. ಆದರೆ ಎತ್ತಿದ ಮೇಲೆ ಅಷ್ಟೂ ಭಾರ ನಿಂತಿರುವುದು ಒಂದು ರಬ್ಬರ್ ಸೀಲಿನ ಮತ್ತು ಒಂದು ಚಿಕ್ಕ ಕವಾಟದ ಮೇಲೆ. ಸೀಲು ಸವೆದರೆ, ಕವಾಟದ ಬಾಯಲ್ಲಿ ಒಂದು ಕಣ ಕಸ ಸಿಕ್ಕಿಕೊಂಡರೆ, ಕಾರು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಯಬಹುದು, ಅಥವಾ ಒಮ್ಮೆಗೇ ಕುಸಿಯಬಹುದು.

ಹಾಗೆಂದು ಸ್ಟ್ಯಾಂಡನ್ನು ಕುರುಡಾಗಿ ನಂಬುವಂತೆಯೂ ಇಲ್ಲ. 2020ರಲ್ಲಿ ಅಮೆರಿಕದಲ್ಲಿ 3 ಟನ್ ಮತ್ತು 6 ಟನ್ ಸಾಮರ್ಥ್ಯದ ಸ್ಟ್ಯಾಂಡ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಹಿಂದಕ್ಕೆ ತರಿಸಿಕೊಳ್ಳಬೇಕಾಯಿತು. ಕೊಕ್ಕೆ ಹಲ್ಲನ್ನು ಪೂರ್ತಿಯಾಗಿ ಕಚ್ಚದೆ, ಭಾರವಿರುವಾಗಲೇ ಕಂಬ ಜಾರುವ ಸಾಧ್ಯತೆ ಅವುಗಳಲ್ಲಿತ್ತು. ಆದ್ದರಿಂದ ಹಲ್ಲಿನ ಬಗೆಯದಾದರೆ, ಭಾರ ಇಳಿಸುವ ಮೊದಲು ಹಿಡಿಯನ್ನು ಕೆಳಕ್ಕೆ ಒತ್ತಿ, ಕೊಕ್ಕೆ ಹಲ್ಲಿನ ಬುಡದವರೆಗೆ ಕೂತಿದೆಯೇ ಎಂದು ಕಣ್ಣಾರೆ ನೋಡಬೇಕು. ಪಿನ್ನಿನ ಬಗೆಯದರಲ್ಲಿ ಈ ಅನುಮಾನಕ್ಕೆ ಎಡೆ ಕಡಿಮೆಯಾದ್ದರಿಂದ ಎರಡೂ ಸಿಗುವುದಾದರೆ ನಾನು ಪಿನ್ನಿನದನ್ನೇ ಆರಿಸುತ್ತೇನೆ. ಸ್ಟ್ಯಾಂಡಿನ ಮೇಲೆ ಬರೆದಿರುವ ಟನ್ನಿನ ಲೆಕ್ಕ ಒಂದಕ್ಕೋ ಜೋಡಿಗೋ ಎಂಬುದನ್ನು ಕೊಳ್ಳುವಾಗಲೇ ಓದಿಕೊಳ್ಳುವುದು ಒಳ್ಳೆಯದು. ಶಿವಮೊಗ್ಗದ ಸುತ್ತಮುತ್ತ ವೆಲ್ಡಿಂಗ್ ಬಲ್ಲವರಿಗೆ ಬರವಿಲ್ಲ, ಆ್ಯಂಗಲ್ ತುಂಡುಗಳಿಂದ ಸ್ಟ್ಯಾಂಡ್ ಮಾಡಿಸಿಕೊಂಡವರನ್ನೂ ನೋಡಿದ್ದೇನೆ. ಬೆಸುಗೆ ಎಷ್ಟೇ ಅಂದವಾಗಿ ಕಂಡರೂ ಭಾರವಿಟ್ಟು ಪರೀಕ್ಷಿಸದ ಆಸರೆಯ ಕೆಳಗೆ ಮಲಗಲು ನನಗೆ ಧೈರ್ಯವಿಲ್ಲ.

ನಮ್ಮ ಕಡೆ ಸ್ಟ್ಯಾಂಡಿನ ಬದಲಿಗೆ ಕೈಗೆ ಬರುವುದು ಜಂಬಿಟ್ಟಿಗೆ ಕಲ್ಲು, ಇಲ್ಲವೇ ಟೊಳ್ಳು ಸಿಮೆಂಟ್ ಇಟ್ಟಿಗೆ. ಎರಡೂ ಗೋಡೆಗೆ ಒದಗುವ ವಸ್ತುಗಳು. ಗೋಡೆಯಲ್ಲಿ ಭಾರ ಕಲ್ಲಿನ ಇಡೀ ಮೈಮೇಲೆ ಹರಡಿಕೊಳ್ಳುತ್ತದೆ. ಕಾರಿನ ಅಂಚು ಅದೇ ಭಾರವನ್ನು ಬೆರಳಗಲದ ಒಂದು ಗೆರೆಯ ಮೇಲೆ ಒತ್ತುತ್ತದೆ. ಜಂಬಿಟ್ಟಿಗೆ ರಂಧ್ರಮಯವಾದ ಕಲ್ಲಾಗಿರುವುದರಿಂದ ಮಳೆಗಾಲದಲ್ಲಿ ನೀರು ಕುಡಿದು ಇನ್ನಷ್ಟು ದುರ್ಬಲವಾಗುತ್ತದೆ. ಸಿಮೆಂಟ್ ಇಟ್ಟಿಗೆಯಂತೂ ಬಿರುಕಿನ ಸೂಚನೆಯನ್ನೂ ಕೊಡದೆ ಒಡೆಯುತ್ತದೆ. ಉಕ್ಕಾದರೆ ಮುರಿಯುವ ಮುಂಚೆ ಬಾಗುತ್ತದೆ.

ಆಸರೆ ಗಟ್ಟಿಯಿದ್ದರೂ ನೆಲ ಗಟ್ಟಿಯಿರಬೇಕಲ್ಲ. ಒಂದು ಆಷಾಢದಲ್ಲಿ ಸೈಲೆನ್ಸರಿನ ಕ್ಲ್ಯಾಂಪ್ ಬಿಗಿಮಾಡಲೆಂದು ಅಂಗಳದಲ್ಲಿಯೇ ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ ಸ್ಪ್ಯಾನರ್ ತರಲು ಒಳಗೆ ಹೋಗಿ ಬರುವಷ್ಟರಲ್ಲಿ, ಸ್ಟ್ಯಾಂಡಿನ ಎರಡು ಕಾಲುಗಳು ಮಣ್ಣಿನೊಳಗೆ ನಾಲ್ಕು ಬೆರಳು ಇಳಿದು ಕಾರು ವಾಲಿಕೊಂಡಿತ್ತು. ಲೆಕ್ಕ ಹಾಕಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಒಂದು ಸ್ಟ್ಯಾಂಡಿನ ಮೇಲೆ 300 ಕೆ.ಜಿ. ಬಿದ್ದಿದೆ, ಅದರ ನಾಲ್ಕು ಪಾದಗಳ ವಿಸ್ತಾರ ಒಟ್ಟು 100 ಚದರ ಸೆಂ.ಮೀ. ಎಂದುಕೊಂಡರೆ, ನೆಲದ ಮೇಲಿನ ಒತ್ತಡ ಚದರ ಸೆಂ.ಮೀ.ಗೆ 3 ಕೆ.ಜಿ. ಅದೇ ಸ್ಟ್ಯಾಂಡಿನ ಕೆಳಗೆ 30 ಸೆಂ.ಮೀ. ಉದ್ದಗಲದ ದಪ್ಪ ಹಲಗೆಯೊಂದನ್ನು ಹಾಸಿದರೆ ಆ ಒತ್ತಡ ಒಂಬತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಹಾಗಿದ್ದರೂ ಹಲಗೆಯ ಮೇಲೆ ಭಾರಹಾಕಿ ನೆನೆದ ಮಣ್ಣನ್ನು ನಂಬುವುದಕ್ಕಿಂತ ಸಿಮೆಂಟ್ ನೆಲವಿರುವ ಕಡೆಗೆ ಕಾರನ್ನು ಒಯ್ಯುವುದೇ ಲೇಸು. ಅಡಿಕೆ ಒಣಗಿಸಲು ಸಿಮೆಂಟ್ ಅಂಗಳ ಮಾಡಿಕೊಂಡವರಿಗೆ ಅದೇ ಸಾಕು, ಆಯಿಲ್ ಚೆಲ್ಲದಂತೆ ಕೆಳಗೊಂದು ತಟ್ಟೆ ಇಟ್ಟುಕೊಂಡರಾಯಿತು. ಟ್ರಾಲಿ ಜಾಕ್‌ಗೆ ಗಟ್ಟಿ ನೆಲ ಬೇಕಾಗಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಅದರ ತೋಳು ನೇರವಾಗಿ ಮೇಲೇಳದೆ ಕಮಾನಿನಂತೆ ಬಾಗಿ ಏರುತ್ತದೆ. ಏರುವಾಗ ಜಾಕ್ ಗಾಲಿಗಳ ಮೇಲೆ ತುಸು ಉರುಳಿ ಕಾರಿನ ಅಡಿಗೆ ಸರಿಹೊಂದಿಕೊಳ್ಳಬೇಕು. ಗಾಲಿಗಳು ಜಲ್ಲಿಯಲ್ಲೋ ಕೆಸರಿನಲ್ಲೋ ಹೂತುಕೊಂಡರೆ ಜಾಕ್ ಉರುಳುವ ಬದಲು ಅದರ ತಲೆ ಕಾರಿನ ಅಡಿಯಿಂದ ಜಾರುತ್ತದೆ.

ಇಳಿಜಾರು ನಮ್ಮ ಇನ್ನೊಂದು ಕಷ್ಟ. ಹತ್ತು ಅಡಿಗೆ ಒಂದಡಿ ಏರುವ ದಾರಿ ನಮ್ಮ ಕಣ್ಣಿಗೆ ದೊಡ್ಡ ಏರೆಂದು ಅನಿಸದಿದ್ದರೂ 900 ಕೆ.ಜಿ.ಯ ಕಾರನ್ನು ಅದು ಸುಮಾರು 90 ಕೆ.ಜಿ. ಬಲದಿಂದ ಕೆಳಕ್ಕೆ ತಳ್ಳುತ್ತಿರುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿದ್ದೇನೆ, ಗೇರಿನಲ್ಲಿ ನಿಲ್ಲಿಸಿದ್ದೇನೆ ಎಂಬ ಸಮಾಧಾನ ಯಾವಾಗಲೂ ಸಲ್ಲುವುದಿಲ್ಲ. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಹಿಂಭಾಗವನ್ನೇ ಎತ್ತಿದರೆ ಆ ಹಿಡಿತ ಗಾಳಿಯಲ್ಲಿರುತ್ತದೆ. ಗೇರು ಹಿಡಿಯುವುದು ಎಂಜಿನ್ನಿಗೆ ಸೇರಿದ ಚಕ್ರಗಳನ್ನು, ಎಂದರೆ ಇಂದಿನ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನವನ್ನು. ಅವುಗಳಲ್ಲಿ ಒಂದನ್ನು ಎತ್ತಿದರೂ ಡಿಫರೆನ್ಷಿಯಲ್ ಎಂಬ ಗೇರುಜೋಡಣೆಯಿಂದಾಗಿ ಎತ್ತಿದ ಚಕ್ರ ಸುಮ್ಮನೆ ತಿರುಗಿಕೊಂಡು ನೆಲದ ಮೇಲಿನ ಚಕ್ರವನ್ನು ಉರುಳಲು ಬಿಟ್ಟುಬಿಡುತ್ತದೆ. ಆದಕಾರಣ ಎತ್ತುವ ತುದಿಯ ಎದುರು ತುದಿಯಲ್ಲಿ, ನೆಲದ ಮೇಲೆಯೇ ಉಳಿಯುವ ಎರಡೂ ಚಕ್ರಗಳ ಹಿಂದೆ ಮುಂದೆ ಆಪಿನಾಕಾರದ ಒತ್ತು ಕೊಡುವುದು ಕಡ್ಡಾಯ. ಲಾರಿಯವರು ಘಾಟಿಯಲ್ಲಿ ನಿಂತಾಗ ಚಕ್ರಕ್ಕೆ ಕಲ್ಲು ಕೊಡುವುದನ್ನು ನೋಡಿಯೇ ಬೆಳೆದ ನಾವು ಸ್ವಂತ ಅಂಗಳದಲ್ಲಿ ಮಾತ್ರ ಅದನ್ನು ಮರೆಯುತ್ತೇವೆ.

ಸ್ಟ್ಯಾಂಡನ್ನು ಎಲ್ಲಿ ಆನಿಸಬೇಕೆಂಬುದು ಕಾರಿನ ಜೊತೆ ಬಂದ ಪುಸ್ತಕದಲ್ಲಿರುತ್ತದೆ. ಸಾಮಾನ್ಯವಾಗಿ ಬಾಗಿಲಿನ ಕೆಳಗಿನ ಅಂಚಿನಲ್ಲಿ, ಮುಂದಿನ ಚಕ್ರದ ಹಿಂದೆ ಮತ್ತು ಹಿಂದಿನ ಚಕ್ರದ ಮುಂದೆ, ತಗಡು ದಪ್ಪವಾಗಿರುವ ಕಡೆ ಗುರುತಿರುತ್ತದೆ. ಬೊಲೆರೊ, ಜೀಪುಗಳಂಥ ಚಾಸಿ ವಾಹನಗಳಲ್ಲಿ ಚಾಸಿಯ ತೊಲೆ ಅಥವಾ ಆ್ಯಕ್ಸಲ್ ಆದೀತು. ಆಯಿಲ್ ಚೇಂಬರ್, ಗೇರ್‌ಬಾಕ್ಸ್, ಕಾಲಡಿಯ ತಗಡು ಇವ್ಯಾವುವೂ ಭಾರ ಹೊರಲು ಮಾಡಿದ ಜಾಗಗಳಲ್ಲ. ವರ್ಷದ ಅರ್ಧಭಾಗ ಮಳೆ ಕೆಸರಿನಲ್ಲಿ ಓಡುವ ನಮ್ಮ ಹಳೆಯ ಕಾರುಗಳಲ್ಲಿ ಆ ಗುರುತಿನ ಜಾಗವೇ ಒಳಗಿಂದೊಳಗೆ ತುಕ್ಕು ತಿಂದಿರುವುದುಂಟು. ಸ್ಕ್ರೂಡ್ರೈವರ್‌ನ ಹಿಡಿಯಿಂದ ತಟ್ಟಿದಾಗ ತಗಡು ಗಣಗಣ ಎನ್ನದೆ ಮೆತ್ತಗೆ ಸದ್ದು ಮಾಡಿದರೆ, ಅಥವಾ ಪುಡಿ ಉದುರಿದರೆ, ಆ ಕಾರನ್ನು ಗ್ಯಾರೇಜಿಗೆ ಒಯ್ಯುವುದೇ ಸರಿ.

ಇನ್ನು ಕ್ರಮ. ಚಕ್ರ ಬಿಚ್ಚುವುದಿದ್ದರೆ ಅದು ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು, ಏಕೆಂದರೆ ಎತ್ತಿದ ಮೇಲೆ ಮೈಭಾರ ಹಾಕಿ ಎಳೆದರೆ ಕಾರೇ ಅಲುಗುತ್ತದೆ. ಒಂದು ತುದಿಯನ್ನು ಎತ್ತಿ, ಎರಡು ಬದಿಗೂ ಒಂದೇ ಎತ್ತರದ ಸ್ಟ್ಯಾಂಡ್ ಇಟ್ಟು, ಜಾಕ್‌ನ ಕವಾಟವನ್ನು ನಿಧಾನವಾಗಿ ಬಿಟ್ಟು ಭಾರವನ್ನು ಅವುಗಳ ಮೇಲೆ ಇಳಿಸಬೇಕು. ಆಮೇಲೆ ಕೆಳಗೆ ತೂರುವ ಮೊದಲು, ಹೊರಗೆ ನಿಂತು ಕಾರಿನ ಪಕ್ಕಕ್ಕೆ ಕೈಯಾನಿಸಿ ಬಲವಾಗಿ ಅಲುಗಾಡಿಸಬೇಕು. ಬೀಳುವುದಿದ್ದರೆ ಅದು ಆಗಲೇ ಬೀಳಲಿ. ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನ ಕೆಳಗೆ ಮಲಗಿಸಿಟ್ಟರೆ, ಎಲ್ಲವೂ ಕೈಕೊಟ್ಟಾಗಲೂ ಮನುಷ್ಯನಿಗೆ ಒಂದಷ್ಟು ಜಾಗ ಉಳಿಯುತ್ತದೆ. ಮನೆಯಲ್ಲಿ ಇನ್ನೊಬ್ಬರಿಲ್ಲದ ಹೊತ್ತಿನಲ್ಲಿ ಈ ಕೆಲಸಕ್ಕೆ ಇಳಿಯಬಾರದು, ಕೆಳಗಿರುವವರಿಗೆ ಏನಾದರೂ ಆದರೆ ಜಾಕ್ ಹಾಕಿ ಮತ್ತೆ ಎತ್ತಲು ಯಾರಾದರೂ ಬೇಕು.

ಇಳಿಸುವಾಗ ಸ್ಟ್ಯಾಂಡನ್ನು ಒದ್ದು ತೆಗೆಯುವಂತಿಲ್ಲ. ಜಾಕ್‌ನಿಂದ ಕಾರನ್ನು ಸ್ಟ್ಯಾಂಡಿನ ಪೀಠ ಬಿಡುವಷ್ಟು ಎತ್ತಿ, ಸ್ಟ್ಯಾಂಡುಗಳನ್ನು ಎಳೆದುಕೊಂಡು, ಕೆಳಗೆ ಸ್ಪ್ಯಾನರ್ ಏನೂ ಉಳಿದಿಲ್ಲವೆಂದು ನೋಡಿ, ಬಳಿಕ ಇಳಿಸಬೇಕು. ಚಕ್ರ ನೆಲ ಮುಟ್ಟಿದ ಮೇಲೆ ನಟ್ಟುಗಳನ್ನು ಸುತ್ತಿನ ವರಸೆಯಲ್ಲಲ್ಲದೆ ಎದುರುಬದುರಾಗಿ ಬಿಗಿಮಾಡಿ, ಹತ್ತಾರು ಕಿಲೋಮೀಟರ್ ಓಡಿಸಿದ ನಂತರ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಬೇಕು.