ಹಳೆಯ ಆಟವೊಂದರ ವೀಕ್ಷಕರ ಲೆಕ್ಕ

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟ ಬಿಡುಗಡೆಯಾದದ್ದು 2004ರ ನವೆಂಬರ್‌ನಲ್ಲಿ. ಸಾವಿರಾರು ಜನರು ಒಂದೇ ಕಾಲ್ಪನಿಕ ಲೋಕವನ್ನು ಹೊಕ್ಕು, ತಮ್ಮ ತಮ್ಮ ಪಾತ್ರಗಳನ್ನು ವರ್ಷಗಟ್ಟಲೆ ಬೆಳೆಸುವ ಬಗೆಯ ಆಟ ಅದು. 2010ರ ಅಕ್ಟೋಬರ್‌ನಲ್ಲಿ ಅದಕ್ಕೆ 1 ಕೋಟಿ 20 ಲಕ್ಷ ಚಂದಾದಾರರಿದ್ದರು. ಐದು ವರ್ಷಗಳ ಬಳಿಕ ಈ ಸಂಖ್ಯೆ 55 ಲಕ್ಷಕ್ಕೆ ಇಳಿದಾಗ, ಆಟವನ್ನು ತಯಾರಿಸಿದ ಬ್ಲಿಝಾರ್ಡ್ ಕಂಪನಿ ಚಂದಾದಾರರ ಲೆಕ್ಕವನ್ನು ಪ್ರಕಟಿಸುವುದನ್ನೇ ನಿಲ್ಲಿಸಿತು. ಆಟ ಇನ್ನೂ ಬದುಕಿದೆಯೇ ಎಂದು ತಿಳಿಯಬಯಸುವವರು ಆಗಿನಿಂದ ನೆಚ್ಚಿಕೊಂಡಿರುವುದು ಹೊರಗಿನವರ ಕಣ್ಣಿಗೂ ಬೀಳುವ ಮತ್ತೊಂದು ಸಂಖ್ಯೆಯನ್ನು: ಜನ ತಾವಾಡುವ ಆಟವನ್ನು ಇತರರಿಗೆ ತೋರಿಸುವ ಟ್ವಿಚ್‌ನಂಥ ನೇರಪ್ರಸಾರದ ತಾಣದಲ್ಲಿ ಈ ಗಳಿಗೆಗೆ ಎಷ್ಟು ಮಂದಿ ಆ ಆಟವನ್ನು ನೋಡುತ್ತಿದ್ದಾರೆ ಎಂಬುದನ್ನು. ಅದು ಇಳಿದ ದಿನ ಆಟ ಸಾಯುತ್ತಿದೆ ಎನ್ನುತ್ತಾರೆ, ಏರಿದ ದಿನ ಮರುಹುಟ್ಟು ಪಡೆದಿದೆ ಎನ್ನುತ್ತಾರೆ. ಎರಡೂ ಅವಸರದ ತೀರ್ಮಾನಗಳೆಂದು ನನಗನ್ನಿಸುತ್ತದೆ.

ಮೊದಲನೆಯದಾಗಿ, ಆ ಸಂಖ್ಯೆ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಬೇಕು. ಸರದಿ ಸಾಲುಗಳ ಗಣಿತದಲ್ಲಿ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಒಂದು ನಿಯಮವಿದೆ. ಒಂದು ಜಾಗದಲ್ಲಿ ಸರಾಸರಿ ಎಷ್ಟು ಜನ ಇರುತ್ತಾರೆ ಎಂಬುದು, ಗಂಟೆಗೆ ಎಷ್ಟು ಮಂದಿ ಒಳಬರುತ್ತಾರೆ ಎಂಬುದನ್ನು ಅವರು ಸರಾಸರಿ ಎಷ್ಟು ಹೊತ್ತು ಉಳಿಯುತ್ತಾರೆ ಎಂಬುದರಿಂದ ಗುಣಿಸಿದಷ್ಟು. ಗಂಟೆಗೆ 10,000 ಮಂದಿ ಬಂದು ಆರೇ ನಿಮಿಷ ಇಣುಕಿ ಹೋದರೂ ಸರಾಸರಿ ವೀಕ್ಷಕರು 1,000; ಗಂಟೆಗೆ ಕೇವಲ 200 ಮಂದಿ ಬಂದು ಐದೈದು ಗಂಟೆ ಕೂತರೂ ಅದೇ 1,000. ಮೊದಲಿನದು ಸಂತೆಯ ಜನಜಂಗುಳಿ, ಎರಡನೆಯದು ರಾತ್ರಿಯಿಡೀ ಕೂತು ಬಯಲಾಟ ನೋಡುವ ಮಂದಿ. ಪರದೆಯ ಮೇಲಿನ ಅಂಕಿ ಈ ಎರಡನ್ನೂ ಒಂದೇ ಎಂದು ತೋರಿಸುತ್ತದೆ. ವಾರ್‌ಕ್ರಾಫ್ಟ್‌ನಂಥ ಹಳೆಯ ಪಾತ್ರಾಭಿನಯದ ಆಟಗಳು ಸ್ವಭಾವತಃ ಎರಡನೆಯ ಬಗೆಯ ನೋಟಕ್ಕೆ ಒಗ್ಗುವಂಥವು. ಮೀನು ಹಿಡಿಯುವುದು, ಸೊಪ್ಪು ಬೇರು ಕೀಳುವುದು, ದೂರದ ಊರಿಗೆ ನಡೆದುಹೋಗುವುದು ಇಂಥ ನಿಧಾನದ ಕೆಲಸಗಳೇ ಅವುಗಳಲ್ಲಿ ತುಂಬಿರುವುದರಿಂದ, ತಾವೂ ಆಡುತ್ತ ಪಕ್ಕದ ಪರದೆಯಲ್ಲಿ ಇನ್ನೊಬ್ಬರ ಆಟವನ್ನು ಹಚ್ಚಿಟ್ಟುಕೊಳ್ಳುವುದು ಸುಲಭ.

ಆದರೆ ಈ ಆಟವನ್ನು ಯಾರು ಬೇಕಾದರೂ ನೋಡಲಾಗುವುದಿಲ್ಲ. ಇಪ್ಪತ್ತು ಜನ ಸೇರಿ ಒಂದು ದೈತ್ಯನನ್ನು ಎದುರಿಸುವ ರೇಡ್‌ನ ದೃಶ್ಯವನ್ನು ಹೊಸಬರ ಮುಂದಿಟ್ಟರೆ ಅವರಿಗೆ ಕಾಣುವುದು ಬಣ್ಣದ ಪಟ್ಟಿಗಳು, ಹಾರುವ ಅಂಕಿಗಳು, ಮಿಂಚುವ ವೃತ್ತಗಳು ಮಾತ್ರ. ಗಾಯ ಮಾಯಿಸುವ ಪಾತ್ರದವನು ಒಂದು ಮಂತ್ರವನ್ನು ಅರೆಕ್ಷಣ ತಡವಾಗಿ ಹಾಕಿದ್ದರಿಂದಲೇ ಇಡೀ ತಂಡ ಮಣ್ಣುಮುಕ್ಕಿತು ಎಂಬುದು, ಹಿಂದೊಮ್ಮೆ ಅಲ್ಲಿ ತಾನೂ ನಿಂತು ಸೋತವನಿಗಷ್ಟೇ ತಿಳಿಯುತ್ತದೆ. ಈ ತಿಳಿವಳಿಕೆ ಗಳಿಸಲು ನೂರಾರು ಗಂಟೆ ಬೇಕು; ಚಂದಾ ನಿಲ್ಲಿಸಿದ ಮಾತ್ರಕ್ಕೆ ಅದು ಅಳಿದುಹೋಗುವುದಿಲ್ಲ. ಆದ್ದರಿಂದ ಆಡುವವರ ಸಂಖ್ಯೆ ಏರಿ ಇಳಿಯಬಹುದಾದರೂ, ಎಂದಾದರೂ ಆಡಿದವರ ಒಟ್ಟು ಸಂಖ್ಯೆ ಆಟಕ್ಕೆ ವಯಸ್ಸಾದಂತೆ ಬೆಳೆಯುತ್ತಲೇ ಹೋಗುತ್ತದೆ. ಹಳೆಯ ಆಟದ ವೀಕ್ಷಕರು ಬರುವುದು ಮುಖ್ಯವಾಗಿ ಈ ದೊಡ್ಡ ಕೆರೆಯಿಂದ ಎಂಬುದು ನನ್ನ ತಿಳಿವಳಿಕೆ.

2019ರ ಆಗಸ್ಟ್‌ನಲ್ಲಿ ಆ ಕೆರೆ ತುಂಬಿ ಹರಿಯಿತು. 2006ರ ಸುಮಾರಿಗೆ ಆಟ ಹೇಗಿತ್ತೋ ಹಾಗೆಯೇ ಅದನ್ನು ಮರಳಿ ಕಟ್ಟಿದ ಕ್ಲಾಸಿಕ್ ಆವೃತ್ತಿ ತೆರೆದ ದಿನ ಟ್ವಿಚ್‌ನಲ್ಲಿ ಏಕಕಾಲಕ್ಕೆ 11 ಲಕ್ಷಕ್ಕೂ ಹೆಚ್ಚು ಜನರು ಅದನ್ನು ನೋಡಿದರು. ಸರ್ವರ್‌ಗಳ ಬಾಗಿಲಲ್ಲಿ ಸಾವಿರಾರು ಜನರ ಸಾಲು ನಿಂತಿತ್ತು; ತಮ್ಮ ಸರದಿಗೆ ಕಾಯುವವರು ಒಳಗೆ ಹೋದವರ ಆಟವನ್ನು ನೋಡುತ್ತ ಕೂರುವುದು ಸಹಜವೇ. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಟ್ವಿಚ್ ಹುಟ್ಟಿದ್ದು 2011ರಲ್ಲಿ, ಅಂದರೆ ಆಟ ತನ್ನ ಚಂದಾದಾರರ ಶಿಖರವನ್ನು ಮುಟ್ಟಿದ ಮೇಲೆ. ಈ ಆಟದ ಯೌವನಕ್ಕೆ ಟ್ವಿಚ್‌ನ ಲೆಕ್ಕವೇ ಇಲ್ಲ. ಅಲ್ಲಿ ಅದನ್ನು ಲಕ್ಷಗಟ್ಟಲೆ ಜನ ಒಟ್ಟಿಗೆ ನೋಡಿದ ಆ ದಿನಕ್ಕೆ ಅದರ ವಯಸ್ಸು ಹದಿನೈದರ ಹತ್ತಿರವಿತ್ತು.

ಒಟ್ಟು ಸಂಖ್ಯೆಯೊಳಗಿನ ಹಂಚಿಕೆಯೂ ಸಮವಾಗಿಲ್ಲ. ಮ್ಯಾಥ್ಯೂ ಸಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 14,000ಕ್ಕೂ ಹೆಚ್ಚು ಜನರಿಗೆ ಹೆಸರು ಮಾಡಿರದ ವಾದ್ಯತಂಡಗಳ 48 ಹಾಡುಗಳನ್ನು ಕೇಳಿಸಲಾಗಿತ್ತು. ಹಿಂದಿನವರು ಯಾವ ಹಾಡನ್ನು ಎಷ್ಟು ಸಲ ಇಳಿಸಿಕೊಂಡಿದ್ದಾರೆಂದು ತೋರಿಸಿದ ಗುಂಪುಗಳಲ್ಲಿ ಮುಂದಿದ್ದ ಹಾಡುಗಳು ಇನ್ನಷ್ಟು ಮುಂದೆ ಹೋದವು. ಜನಪ್ರಿಯತೆಯ ಕ್ರಮದಲ್ಲೇ ಹಾಡುಗಳನ್ನು ಜೋಡಿಸಿಟ್ಟಾಗ ಅಂತರ ಮತ್ತೂ ಹೆಚ್ಚಿತು. ನೇರಪ್ರಸಾರದ ತಾಣಗಳೂ ಬಹುಮಟ್ಟಿಗೆ ಹೆಚ್ಚು ವೀಕ್ಷಕರಿರುವ ಚಾನೆಲ್ಲನ್ನೇ ಮೇಲಿಡುವುದರಿಂದ ಅಲ್ಲಿಯೂ ಇದೇ ನಡೆಯುತ್ತದೆ. ಪರಿಣಾಮವಾಗಿ ಒಂದು ಆಟದ ವೀಕ್ಷಕರಲ್ಲಿ ದೊಡ್ಡ ಪಾಲು ಬೆರಳೆಣಿಕೆಯ ಸ್ಟ್ರೀಮರ್‌ಗಳ, ಅಂದರೆ ಪ್ರಸಾರ ಮಾಡುವವರ, ಕೈಯಲ್ಲಿರುತ್ತದೆ, ಅವರಲ್ಲೊಬ್ಬರು ಒಂದು ವಾರ ಬೇರೆ ಆಟಕ್ಕೆ ಹೋದರೆ ಇಡೀ ಆಟದ ರೇಖೆ ಕುಸಿದಂತೆ ಕಾಣುತ್ತದೆ. ಕುಸಿದದ್ದು ಆಟವಲ್ಲ, ಒಬ್ಬರ ವೇಳಾಪಟ್ಟಿ ಬದಲಾಗಿದೆ.

ಇನ್ನು ಏರಿಕೆಗಳ ಮಾತು. ಅತಿ ಕಠಿಣ ರೇಡ್‌ಗಳನ್ನು ಜಗತ್ತಿನಲ್ಲೇ ಮೊದಲು ಗೆಲ್ಲಲು ಪೈಪೋಟಿ ನಡೆಸುವ ಗಿಲ್ಡ್‌ಗಳು, ಅಂದರೆ ಆಟಗಾರರ ಕೂಟಗಳು, ತಮ್ಮ ತಂತ್ರ ಎದುರಾಳಿಗೆ ತಿಳಿಯಬಾರದೆಂದು ಬಹುಕಾಲ ಬಾಗಿಲು ಮುಚ್ಚಿಯೇ ಆಡುತ್ತಿದ್ದವು. 2018ರ ಸೆಪ್ಟೆಂಬರ್‌ನಲ್ಲಿ ಮೆಥಡ್ ಎಂಬ ಗಿಲ್ಡ್ ಉಲ್ದೀರ್ ರೇಡ್‌ನ ಪೈಪೋಟಿಯನ್ನು ನೇರಪ್ರಸಾರ ಮಾಡಿತು, ಹಾಗೆ ಮಾಡಿಯೂ ಮೊದಲಿಗನಾಗಿ ಗೆದ್ದಿತು. ನೂರಾರು ಸೋಲುಗಳನ್ನು ಜನ ಕದಲದೆ ನೋಡಬಲ್ಲರೆಂಬುದು ಆಗ ತಿಳಿಯಿತು. 2023ರ ಆಗಸ್ಟ್‌ನಲ್ಲಿ ಬಂದ ಹಾರ್ಡ್‌ಕೋರ್ ಸರ್ವರ್‌ಗಳು ಇನ್ನೂ ಕುತೂಹಲಕರ. ಅಲ್ಲಿರುವುದು ಅದೇ ಹಳೆಯ ಕಾಡು, ಅದೇ ಹಳೆಯ ಗುಹೆಗಳು. ಮುಖ್ಯವಾಗಿ ಬೇರೆಯಾದದ್ದು ಒಂದೇ ನಿಯಮ, ಪಾತ್ರ ಒಮ್ಮೆ ಸತ್ತರೆ ಆ ಸರ್ವರಿನಲ್ಲಿ ಅದರ ಕಥೆ ಮುಗಿಯಿತು. ಜೆಫ್ರಿ ಎಲಿ, ಅಲೆಕ್ಸಾಂಡರ್ ಫ್ರಾಂಕೆಲ್ ಮತ್ತು ಎಮಿರ್ ಕಮೆನಿಟ್ಸಾ ಎಂಬ ಅರ್ಥಶಾಸ್ತ್ರಜ್ಞರು 2015ರಲ್ಲಿ ಕಾತರಕ್ಕೆ ಒಂದು ಗಣಿತದ ವ್ಯಾಖ್ಯೆ ಕೊಟ್ಟರು: ಮುಂದೇನಾಗಲಿದೆ ಎಂಬ ನಮ್ಮ ಎಣಿಕೆ ಮರುಗಳಿಗೆಯಲ್ಲಿ ಎಷ್ಟು ಏರುಪೇರಾಗಬಹುದೋ ಅಷ್ಟು ಕಾತರ. ನೂರು ಗಂಟೆ ಬೆಳೆಸಿದ ಪಾತ್ರ ಒಂದು ತಪ್ಪು ಹೆಜ್ಜೆಗೆ ಇಲ್ಲವಾಗಬಹುದಾದಾಗ, ಸಾವಿರ ಸಲ ನೋಡಿದ ಸೇತುವೆಯನ್ನು ದಾಟುವುದೂ ಉಸಿರು ಬಿಗಿಹಿಡಿದು ನೋಡುವ ಸಂಗತಿಯಾಗುತ್ತದೆ.

ಆದ್ದರಿಂದ ಆಟದ ಆರೋಗ್ಯ ತಿಳಿಯಬೇಕಾದವರು ಶಿಖರಗಳನ್ನು ಬಿಟ್ಟು ಕಣಿವೆಗಳನ್ನು ನೋಡುವುದು ಒಳ್ಳೆಯದು. ಆಟಕ್ಕೆ ಹೊಸ ಭಾಗ ಸೇರಿಸುವ ವಿಸ್ತರಣೆಯಿಲ್ಲದ, ಪೈಪೋಟಿಯಿಲ್ಲದ ತಿಂಗಳುಗಳಲ್ಲಿ, ವಾರದ ಅದೇ ದಿನ, ಅದೇ ಹೊತ್ತಿನ ಲೆಕ್ಕವನ್ನು ವರ್ಷದಿಂದ ವರ್ಷಕ್ಕೆ ಹೋಲಿಸಬೇಕು. ಅತಿ ದೊಡ್ಡ ಹತ್ತು ಚಾನೆಲ್‌ಗಳನ್ನು ತೆಗೆದಿಟ್ಟು ಉಳಿದವುಗಳನ್ನು ಎಣಿಸಬೇಕು. ಒಟ್ಟು ವೀಕ್ಷಕರಿಗಿಂತಲೂ ಎಷ್ಟು ಮಂದಿ ಪ್ರಸಾರ ಮಾಡುತ್ತಿದ್ದಾರೆ ಎಂಬುದನ್ನು ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಪ್ರಸಾರ ಮಾಡುವವನು ಆ ಹೊತ್ತಿಗೆ ಆಟದೊಳಗೆ ಇದ್ದೇ ಇರುತ್ತಾನೆ. ಪಟ್ಟಿಯ ತೀರಾ ಕೆಳಗಿನ ಚಾನೆಲ್‌ಗಳಲ್ಲಿ ಮೂರೋ ನಾಲ್ಕೋ ವೀಕ್ಷಕರಿರುತ್ತಾರೆ, ಚಾಟ್‌ನಲ್ಲಿ ಬಂದ ಒಂದೊಂದು ಸಾಲಿಗೂ ಆಡುವವರು ನಿಂತು ಉತ್ತರ ಕೊಡುತ್ತಾರೆ, ಒಟ್ಟು ಮೊತ್ತದಲ್ಲಿ ಇವರೆಲ್ಲ ಲೆಕ್ಕಕ್ಕೇ ಬಾರದಷ್ಟು ಚಿಕ್ಕವರು. ಅಂಥ ಚಾನೆಲ್‌ಗಳು ಕಳೆದ ವರ್ಷದ ಇದೇ ಹೊತ್ತಿಗೆ ಎಷ್ಟಿದ್ದವು, ಈಗ ಎಷ್ಟಿವೆ ಎಂಬಲ್ಲಿಂದ ಎಣಿಕೆ ಶುರುವಾಗಬೇಕು.